ಗುಂಡು ಎಡಕ್ಕೆ ಬಿದ್ದರೆ

ಪಿಸ್ತೂಲು ಎಂಬ ಮಾತು ಕಿವಿಗೆ ಬಿದ್ದೊಡನೆ ಕೇಳುಗರಲ್ಲಿ ಕೆಲವರಾದರೂ ರೇಡಿಯೋ ನಿಲ್ಲಿಸಲು ಕೈ ಚಾಚಿರಬಹುದು. ಗಾಬರಿ ಬೇಡ. ನಾನು ಹೇಳಹೊರಟಿರುವುದು ಏರ್ ಪಿಸ್ತೂಲಿನ ವಿಷಯ. ಹತ್ತು ಮೀಟರು ದೂರದ ಕಾಗದದಲ್ಲಿ ಸಣ್ಣದೊಂದು ತೂತು ಮಾಡುವುದಷ್ಟೇ ಅದರ ಉದ್ಯೋಗ. ಆ ತೂತು ನಡುವೆ ಬೀಳದೆ ಪಕ್ಕಕ್ಕೆ ಬಿದ್ದರೆ ತಪ್ಪು ಯಾರದು, ಅದನ್ನು ತಿದ್ದುವ ಬಗೆ ಹೇಗೆ ಎಂಬುದೇ ಇಂದಿನ ಪ್ರಸ್ತಾಪ.

ಕೂದಲು ಅರ್ಧ ನೆರೆತ ಮೇಲೆ ಈ ಆಟಕ್ಕೆ ಇಳಿದವನು ನಾನು. ಗುರಿಯ ಮಾತು ಬಂದಾಗ ನಮಗೆಲ್ಲ ನೆನಪಾಗುವವನು ಅರ್ಜುನ. ದ್ರೋಣರು ಏನು ಕಾಣುತ್ತದೆಂದು ಕೇಳಿದಾಗ ಅವನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ. ಹಕ್ಕಿಯೊಂದೇ ಕಂಡಿತು. ಅದೇ ಆದರ್ಶವನ್ನು ಹೊತ್ತು ಮೊದಲ ದಿನ ನಾನೂ ಗುರಿಯ ಕಪ್ಪು ವೃತ್ತವನ್ನೇ ದಿಟ್ಟಿಸಿ ನಿಂತೆ. ಗುಂಡುಗಳು ಮಾತ್ರ ದಿಕ್ಕಾಪಾಲಾದವು. ನಮಗೆ ಕಲಿಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು. ಅವರು ನಕ್ಕು, "ಹಕ್ಕಿಯನ್ನು ಬಿಡಿ ರಾಯರೇ, ಬಾಣದ ತುದಿ ನೋಡಿ" ಎಂದರು.

ಇದರಲ್ಲಿ ಗಣಿತವಿದೆ. ಪಿಸ್ತೂಲಿನ ಕೊಳವೆಯ ತುದಿಯಲ್ಲಿ ಒಂದು ಸಣ್ಣ ಕಂಬ, ಅದು ಮುಂದಿನ ಸೈಟು. ಕಣ್ಣಿನ ಕಡೆ ಚೌಕಾಕಾರದ ಕಚ್ಚು, ಅದು ಹಿಂದಿನ ಸೈಟು. ಕಂಬವು ಕಚ್ಚಿನ ನಡುವೆ ನಿಂತು, ಎರಡು ಪಕ್ಕಗಳಲ್ಲೂ ಸಮನಾದ ಬೆಳಕಿನ ಗೀಟು ಉಳಿದು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಎರಡು ಸೈಟುಗಳ ನಡುವಣ ಅಂತರ 35 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ತೋಳು ಅಲುಗಿ ಇಡೀ ಪಿಸ್ತೂಲು ಹಾಗೆಯೇ ಸಮಾನಾಂತರವಾಗಿ ಒಂದು ಮಿಲಿಮೀಟರು ಸರಿದರೆ ಗುಂಡೂ ಸರಿಯುವುದು ಒಂದೇ ಮಿಲಿಮೀಟರು. ಆದರೆ ಕಂಬ ಕಚ್ಚಿನೊಳಗೆ ಒಂದು ಮಿಲಿಮೀಟರು ಓರೆಯಾದರೆ, ಹತ್ತು ಮೀಟರು ದೂರದಲ್ಲಿ ಗುಂಡು ಸುಮಾರು 28 ಮಿಲಿಮೀಟರು ಆಚೆಗೆ ಹೋಗುತ್ತದೆ. ಗುರಿಯ ಪಟ್ಟಿಯಲ್ಲಿ ಒಂದೊಂದು ಅಂಕದ ಅಗಲ ಎಂಟೇ ಮಿಲಿಮೀಟರು. ಎಂದರೆ ಮೂರೂವರೆ ಅಂಕ ಹೋದವು. ಹತ್ತರ ವೃತ್ತವಾದರೋ ಅಡ್ಡಲಾಗಿ 11.5 ಮಿಲಿಮೀಟರು ಮಾತ್ರ. ಕಣ್ಣು ಒಂದು ಹೊತ್ತಿಗೆ ಒಂದು ದೂರವನ್ನಷ್ಟೇ ಸ್ಪಷ್ಟವಾಗಿ ಕಾಣಬಲ್ಲುದು. ಆದುದರಿಂದ ಮುಂದಿನ ಸೈಟನ್ನು ಚೊಕ್ಕವಾಗಿ ಕಂಡು, ಗುರಿಯನ್ನು ಮಸುಕಾಗಲು ಬಿಡಬೇಕು. ಆ ಮಸುಕನ್ನು ಒಪ್ಪಿಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು.

ಆಮೇಲೆ ಶುರುವಾಯಿತು ನನ್ನ ನಿಜವಾದ ಕಷ್ಟ. ಗುಂಡುಗಳು ಚದುರುವುದು ಕಡಮೆಯಾಗಿ, ಹೆಚ್ಚಿನವು ಎಡಕ್ಕೆ, ಕೆಳಕ್ಕೆ, ಗಡಿಯಾರದಲ್ಲಿ ಏಳು ಎಂಟು ಗಂಟೆಗಳಿರುವ ಕಡೆ ಬೀಳತೊಡಗಿದವು. ಹಿಂದಿನ ಸೈಟಿಗೆ ಎರಡು ಸ್ಕ್ರೂಗಳಿರುತ್ತವೆ. ಒಂದು ಅದನ್ನು ಎಡಬಲಕ್ಕೂ ಇನ್ನೊಂದು ಮೇಲೆ ಕೆಳಕ್ಕೂ ಸರಿಸುತ್ತದೆ. ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕೆಂಬುದು ನಿಯಮ. ಗುಂಡನ್ನು ಒಂದು ಅಂಕದಷ್ಟು ಸರಿಸಲು ಸೈಟು ಚಲಿಸಬೇಕಾದದ್ದು ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಸ್ಕ್ರೂ ತಿರುಗಿದಾಗ 'ಕ್ಲಿಕ್' ಎಂದು ಸದ್ದು ಕೇಳಿಸುತ್ತದೆ. ನಾನು ದಿನಕ್ಕೊಂದು ಎರಡು ಕ್ಲಿಕ್ಕಿನಂತೆ ಬಲಕ್ಕೂ ಮೇಲಕ್ಕೂ ತಿರುಗಿಸುತ್ತ ಹೋದೆ. ಸುಲಭದ ಪ್ರಾಯಶ್ಚಿತ್ತ! ಅಂಕಗಳೇನೋ ಏರಿದವು. ಆದರೆ ಈಗ ಒಮ್ಮೊಮ್ಮೆ ಒಂದು ಗುಂಡು ಎಲ್ಲಿಂದಲೋ ಬಂದಂತೆ ಬಲಕ್ಕೆ, ಮೇಲಕ್ಕೆ ಹಾರತೊಡಗಿತು. ಆ ಗುಂಡುಗಳನ್ನು ನಾನು ಮನಸಾರೆ ಶಪಿಸಿದೆ.

ಒಂದು ಭಾನುವಾರ ಸುಬೇದಾರರು ಹಿಂದೆ ಬಂದು ನಿಂತರು.

"ಎಷ್ಟು ಕ್ಲಿಕ್ ತಿರುಗಿಸಿದ್ದೀರಿ, ರಾಯರೇ?"

"ಬಲಕ್ಕೆ ಒಂಬತ್ತು, ಮೇಲಕ್ಕೆ ಆರು."

"ಪಿಸ್ತೂಲು ಕೊಡಿ ಇಲ್ಲಿ."

ಅವರು ನನಗೆ ಬೆನ್ನು ಮಾಡಿ ಗುಂಡು ತುಂಬಿ ಕೊಟ್ಟರು. ಹೊಡೆದೆ. ಮತ್ತೆ ತುಂಬಿ ಕೊಟ್ಟರು. ಮತ್ತೆ ಹೊಡೆದೆ. ಮೂರನೆಯ ಬಾರಿ ಟ್ರಿಗರ್ ಒತ್ತಿದಾಗ ಕೇಳಿಸಿದ್ದು ಬರಿಯ 'ಟಿಕ್'. ಒಳಗೆ ಗುಂಡೂ ಇರಲಿಲ್ಲ, ಗಾಳಿಯ ಒತ್ತಡವೂ ಇರಲಿಲ್ಲ. ಆದರೂ ಪಿಸ್ತೂಲಿನ ಮೂತಿ ಎಡಕ್ಕೆ, ಕೆಳಕ್ಕೆ, ಮೇವು ಕಂಡ ಹಸುವಿನಂತೆ ತಗ್ಗಿತು. ಹೊಡೆತವೇ ಇಲ್ಲದಾಗ ಅದನ್ನು ತಗ್ಗಿಸಿದವರು ಯಾರು? ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಏರ್ ಪಿಸ್ತೂಲಿನ ತೂಕ ಹೆಚ್ಚುಕಡಮೆ ಒಂದು ಕಿಲೋಗ್ರಾಂ. ಸ್ಪರ್ಧೆಯ ನಿಯಮದಂತೆ ಅದರ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು. ಪಿಸ್ತೂಲಿನ ಅರ್ಧ ತೂಕದಷ್ಟು ಬಲವನ್ನು ಒಂದು ಬೆರಳು ಹಾಕಬೇಕೆಂದಾಯಿತು. ಆ ಬಲ ನೇರವಾಗಿ ಹಿಂದಕ್ಕೆ ಬಂದರೆ ಕ್ಷೇಮ. ಬಲಗೈಯವನು ಆತುರಪಟ್ಟು, ಬೆರಳಿನೊಡನೆ ಇಡೀ ಮುಷ್ಟಿಯನ್ನು ಬಿಗಿದರೆ ಗುಂಡು ಸಾಮಾನ್ಯವಾಗಿ ಎಡಕ್ಕೆ, ಕೆಳಕ್ಕೆ ಬೀಳುತ್ತದೆ. ಸಿಡಿತವನ್ನು ಮೊದಲೇ ನಿರೀಕ್ಷಿಸಿ ಅಂಗೈಯ ಬುಡದಿಂದ ತಳ್ಳಿದರೆ ಮೇಲಕ್ಕೆ ಹೋಗುತ್ತದೆ. ಎಡಗೈಯವರಿಗೆ ಎಡಬಲಗಳು ಅದಲುಬದಲು. ಇವು ವೈದ್ಯನ ನಾಡಿಪರೀಕ್ಷೆಯಂತೆ ಸೂಚನೆಗಳೇ ಹೊರತು ತೀರ್ಪುಗಳಲ್ಲ. ಒಂದೇ ಲಕ್ಷಣಕ್ಕೆ ಎರಡು ಮೂರು ಕಾರಣಗಳಿರುವುದುಂಟು.

ಹಾಗಾದರೆ ತಪ್ಪು ಸೈಟಿನದೋ ಕೈಯದೋ ತಿಳಿಯುವುದು ಹೇಗೆ? ಸುಬೇದಾರರು ಕಲಿಸಿದ ಕ್ರಮ ಹೀಗಿದೆ. ಒಂದೇ ಗುಂಡನ್ನು ನಂಬಿ ಸ್ಕ್ರೂ ಮುಟ್ಟಬಾರದು. ಐದಾದರೂ ಹೊಡೆದು, ಅವು ಗುಂಪಾಗಿವೆಯೇ ಎಂದು ನೋಡಬೇಕು. ಪ್ರತಿ ಗುಂಡಿನ ನಂತರವೂ ಒಂದು ಕ್ಷಣ ಸೈಟನ್ನೇ ನೋಡುತ್ತ ನಿಂತು, ಗುರಿಕಾಗದವನ್ನು ನೋಡುವ ಮೊದಲೇ, ಗುಂಡು ಎಲ್ಲಿ ಬಿದ್ದಿರಬಹುದೆಂದು ಬಾಯಿಬಿಟ್ಟು ಹೇಳಬೇಕು. 'ಎಡಕ್ಕೆ' ಎಂದು ಹೇಳಿ ತೂತೂ ಎಡಕ್ಕೇ ಇದ್ದರೆ ತಪ್ಪು ನಿಮ್ಮದು. ಆದರೆ ಅದನ್ನು ನೀವು ಕಂಡಿದ್ದೀರಿ, ತಿದ್ದಬಲ್ಲಿರಿ. 'ನಡುವೆ' ಎಂದು ಹೇಳಿದ ಐದು ಗುಂಡುಗಳೂ ಒತ್ತೊತ್ತಾಗಿ ಒಂದೇ ಪಕ್ಕದಲ್ಲಿ ಕೂತಿದ್ದು, ಗುಂಡಿಲ್ಲದ ಟ್ರಿಗರಿಗೂ ಮೂತಿ ಅಲುಗದಿದ್ದರೆ, ಆಗ ಧೈರ್ಯವಾಗಿ ಸೈಟನ್ನು ಸರಿಸಿ. ಬೆಳಕು ಬದಲಾದಾಗಲೂ ಹಿಡಿತದ ಮರ ಬದಲಾದಾಗಲೂ ಅದು ಬೇಕಾಗುತ್ತದೆ. ಸೈಟು ಸರಿಸುವುದು ಪಾಪವಲ್ಲ.

ಯಂತ್ರ ನಿಜವಾಗಿ ಕೈಕೊಡುವುದೂ ಉಂಟು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ಆಕೆ ಅಂತಿಮ ಸುತ್ತಿಗೆ ಬರಲಾಗಲಿಲ್ಲ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಇನ್ನು ಹಂಗೆರಿಯ ಕರೋಲಿ ಟಕಾಚ್ ಅವರ ಕಥೆ. 1938ರಲ್ಲಿ ಕೈಬಾಂಬು ಸಿಡಿದು ಅವರ ಬಲಗೈ ನಷ್ಟವಾಯಿತು. ಅವರು ಎಡಗೈಗೆ ಹೊಸದಾಗಿ ಎಲ್ಲವನ್ನೂ ಕಲಿಸಿ, 1948ರಲ್ಲಿ ಲಂಡನ್ನಿನಲ್ಲೂ 1952ರಲ್ಲಿ ಹೆಲ್ಸಿಂಕಿಯಲ್ಲೂ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು. ಇಂಥವರನ್ನು ನೆನೆದಾಗ ನನ್ನ ಹದಿನೈದು ಕ್ಲಿಕ್ಕುಗಳು ಬಹಳ ಸಣ್ಣವಾಗಿ ಕಾಣುತ್ತವೆ.

ಆ ಭಾನುವಾರ ನಾನು ಅವನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದೆ. ತಿರುಗಿಸುವಾಗ ಹೊಳೆದ ಒಂದು ಸಂಗತಿ ಇಂದಿಗೂ ನನ್ನನ್ನು ಚುಚ್ಚುತ್ತದೆ. ನಾನು ಶಪಿಸಿದ್ದ, ಬಲಕ್ಕೆ ಮೇಲಕ್ಕೆ ಹಾರಿದ ಆ ಗುಂಡುಗಳಿದ್ದುವಲ್ಲ, ಕೈ ಜಗ್ಗದೆ, ಮುಷ್ಟಿ ಬಿಗಿಯದೆ ನಾನು ಒತ್ತಿದ್ದವು ಅವೇ. ತಪ್ಪಿಗೆ ಒಪ್ಪುವಂತೆ ಸೈಟನ್ನು ಓರೆ ಮಾಡಿಟ್ಟಿದ್ದರಿಂದ ನೆಟ್ಟಗಿನವೇ ತಪ್ಪಾಗಿ ಕಂಡಿದ್ದವು.

ಮರುವಾರ ನನ್ನ ಅಂಕಗಳು ಕುಸಿದವು. ಸಂಜೆಯ ಹೊತ್ತು ಮನೆಯಲ್ಲಿ ಬರಿಯ ಗೋಡೆಗೆ ಎದುರಾಗಿ, ಗುಂಡಿಲ್ಲದ ಪಿಸ್ತೂಲನ್ನು ಎರಡೆರಡು ಸಲ ಪರೀಕ್ಷಿಸಿ, ಟ್ರಿಗರನ್ನು ಮೆಲ್ಲಗೆ ಒತ್ತುವ ಅಭ್ಯಾಸ ಹಿಡಿದೆ. ಅಂಕಗಳು ಮತ್ತೆ ಏರಲು ಮಳೆಗಾಲ ಕಳೆಯಬೇಕಾಯಿತು. ಈಗಲೂ ಹತ್ತರಲ್ಲಿ ಒಂದು ಗುಂಡು ಎಡಕ್ಕೆ, ಕೆಳಕ್ಕೆ ಬೀಳುತ್ತದೆ. ಕಾಗದ ನೋಡುವ ಮೊದಲೇ "ಎಡಕ್ಕೆ" ಎನ್ನುತ್ತೇನೆ. ಹಿಂದೆ ನಿಂತ ಸುಬೇದಾರರು "ಹೌದು" ಎನ್ನುತ್ತಾರೆ.