ಮೊದಲು ಲೆಕ್ಕ, ಆಮೇಲೆ ಸೌರಫಲಕ



2019ರ ಆಗಸ್ಟಿನಲ್ಲಿ ಕೃಷ್ಣೆಯೂ ಪಂಚಗಂಗೆಯೂ ಉಕ್ಕಿ ಹರಿದು ಶಿರೋಳ ತಾಲೂಕಿನ ಅನೇಕ ಗ್ರಾಮಗಳು ಜಲಾವೃತವಾದವು. ಮನೆಯಲ್ಲೊಂದು ಸ್ವತಂತ್ರ ದೀಪದ ಬೆಲೆಯನ್ನು ಅಂಥ ಇರುಳೇ ತಿಳಿಸುವುದು. ಆದುದರಿಂದ ಸರಕಾರದ ತಂತಿಯನ್ನು ನೆಚ್ಚದ ಸೌರವಿದ್ಯುತ್ತಿನ ಲೆಕ್ಕವನ್ನು ತಮ್ಮ ಮುಂದಿಡುತ್ತೇವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಇಲ್ಲಿಯಾದರೋ ಮೊದಲು ಕಾಲನ್ನು ಅಳೆದು, ಅನಂತರ ಹಾಸಿಗೆಯನ್ನು ಕೊಳ್ಳಬೇಕು. 12 ವೋಲ್ಟಿನ ದೀಪ, ಫ್ಯಾನುಗಳನ್ನೇ ಆರಿಸೋಣ. 5 ವ್ಯಾಟಿನ 4 ದೀಪಗಳು 5 ಗಂಟೆ ಉರಿದರೆ 100 ವ್ಯಾಟ್-ಗಂಟೆ. 25 ವ್ಯಾಟಿನ ಫ್ಯಾನು 8 ಗಂಟೆ ತಿರುಗಿದರೆ 200. ದಿನಕ್ಕೆ ಒಟ್ಟು 300. 12ರಿಂದ ಭಾಗಿಸಿದರೆ ಬ್ಯಾಟರಿ ಕೊಡಬೇಕಾದುದು 25 ಆಂಪಿಯರ್-ಗಂಟೆ. ಮೋಡ ಕವಿದ ಇನ್ನೊಂದು ದಿನವನ್ನು ಸೇರಿಸಿದರೆ 50. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಂದುವುದು. ಆದಕಾರಣ 100 ಆಂಪಿಯರ್-ಗಂಟೆಯದೇ ಬೇಕು.

ಫಲಕವನ್ನು ಚೈತ್ರದ ಬಿಸಿಲು ನೋಡಿ ಕೊಳ್ಳಬೇಡಿರಿ. ಆಷಾಢ-ಶ್ರಾವಣಗಳನ್ನು ನೆನೆದು ಕೊಳ್ಳಿರಿ. ಆಗ ದಿನಕ್ಕೆ 3 ಗಂಟೆಯಷ್ಟೇ ಪೂರ್ಣ ಬಿಸಿಲೆಂದು ಹಿಡಿಯೋಣ. 150 ವ್ಯಾಟಿನ ಫಲಕ 450 ವ್ಯಾಟ್-ಗಂಟೆ ಕೊಟ್ಟೀತು. ಮೂರರಲ್ಲೊಂದು ಪಾಲು ನಷ್ಟ ಕಳೆದರೆ ನಮ್ಮ 300 ಉಳಿಯುವುದು.

ಫಲಕವು ದಕ್ಷಿಣಕ್ಕೆ ಮುಖವಾಗಿರಲಿ, ನೆರಳು ತಾಗದಿರಲಿ. ಬ್ಯಾಟರಿಯು ಮಹಾಪೂರದ ನೀರು ಮುಟ್ಟದ ಎತ್ತರದಲ್ಲಿರಲಿ. ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ಪ್ರತಿಯೊಂದು ಮನೆಯೂ ಈ ಲೆಕ್ಕವನ್ನು ಬರೆದುಕೊಳ್ಳಲೆಂದು ನಮ್ಮ ವಿನಂತಿ.