ನೆಲದೊಳಗಿನ ಲೋಹ

ನಮ್ಮ ನಾಡಿನ ದಾನಶಾಸನಗಳನ್ನು ಓದಿ ಬಲ್ಲವರಿಗೆ ಅಷ್ಟಭೋಗಗಳ ಪಟ್ಟಿ ಹೊಸದಲ್ಲ. ಭೂಮಿಯನ್ನು ದತ್ತಿ ಕೊಡುವಾಗ ಅದರೊಡನೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳನ್ನೂ ಧಾರೆಯೆರೆದು ಕೊಡುತ್ತಿದ್ದರು. ಪಟ್ಟಿಯ ಮೊದಲಿಗೇ ನಿಧಿ ನಿಕ್ಷೇಪಗಳು ಬರುತ್ತವೆ. ನೆಲದ ಮೇಲೆ ಬೆಳೆಯುವುದಕ್ಕೆ ಒಡೆಯನಿರುವಂತೆ ನೆಲದ ಒಳಗೆ ಅಡಗಿರುವುದಕ್ಕೂ ಒಡೆಯನಿದ್ದಾನೆ ಎಂಬುದನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಇಂದಿನ ನನ್ನ ಮಾತಿಗೆ ಇದೇ ಪೀಠಿಕೆ.

ಹಿಂದೆ ಹೂತ ಹಣವನ್ನು ಕಾಣಲು ಅಂಜನ ಹಾಕಿಸುತ್ತಿದ್ದರು. ಈಗ ಆ ಕೆಲಸಕ್ಕೆ ಒಂದು ಯಂತ್ರ ಬಂದಿದೆ; ಅದಕ್ಕೆ ಲೋಹಶೋಧಕವೆಂದು ಹೆಸರು. ಉದ್ದನೆಯ ಹಿಡಿ, ಅದರ ತುದಿಯಲ್ಲಿ ತಟ್ಟೆಯಂಥ ಒಂದು ಚಕ್ರ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು: ಇಷ್ಟೇ ಅದರ ರೂಪ. ಇಂಗ್ಲೆಂಡಿನಲ್ಲಿ ರಜೆಯ ದಿನ ಇದನ್ನು ಹಿಡಿದು ಉತ್ತ ಹೊಲಗಳಲ್ಲಿ ನಡೆಯುವುದು ಸಾವಿರಾರು ಜನರ ಹವ್ಯಾಸವಾಗಿದೆ.

ಯಂತ್ರದ ಒಳಗುಟ್ಟು ಕಠಿಣವಲ್ಲ. ಚಕ್ರದೊಳಗೆ ತಂತಿಯ ಸುರುಳಿಯಿದೆ. ಅದರಲ್ಲಿ ಹಿಂದುಮುಂದಾಗಿ ಹರಿಯುವ ವಿದ್ಯುತ್ತು ಸುತ್ತಲೂ ಅಯಸ್ಕಾಂತ ಕ್ಷೇತ್ರವನ್ನು ಹುಟ್ಟಿಸುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ಸುಳಿಪ್ರವಾಹಗಳು ಎದ್ದು ಮರುಕ್ಷೇತ್ರವೊಂದು ಹುಟ್ಟುತ್ತದೆ. ಅದನ್ನು ಗ್ರಹಿಸಿ ಯಂತ್ರ ದನಿಗೊಡುತ್ತದೆ. ದೂರವಾಣಿಯ ಗ್ರಹಾಂ ಬೆಲ್ಲನು 1881ರಲ್ಲಿ ಇಂಥದೇ ಉಪಕರಣದಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನ ದೇಹದಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು ಹೊರಟು ವಿಫಲನಾದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಇಂಜಿನಿಯರ್ ಕೊಸಾಟ್ಸ್ಕಿ ರೂಪಿಸಿದ ಶೋಧಕವು ಮರಳುಗಾಡಿನಲ್ಲಿ ನೆಲಬಾಂಬುಗಳನ್ನು ಪತ್ತೆಮಾಡಿ ಎಷ್ಟೋ ಸೈನಿಕರ ಪ್ರಾಣ ಉಳಿಸಿತು.

ಹೊಸಬರು ತಿಳಿಯಬೇಕಾದ ಮೊದಲ ಮಾತು: ಯಂತ್ರಕ್ಕೆ ಚಿನ್ನವೆಂದರೆ ವಿಶೇಷ ಮಮತೆಯಿಲ್ಲ. ಮೊಳೆ, ಸೋಡಾ ಬಾಟಲಿಯ ಮುಚ್ಚಳ, ಸಿಗರೇಟು ಪೊಟ್ಟಣದ ತಗಡುಕಾಗದ, ಎಲ್ಲಕ್ಕೂ ಅದು ಕೂಗುತ್ತದೆ. ಕಬ್ಬಿಣವನ್ನೂ ಇತರ ಲೋಹಗಳನ್ನೂ ಒಂದಿಷ್ಟು ಬೇರ್ಪಡಿಸಿ ಹೇಳಬಲ್ಲದಾದರೂ ಆ ಮಾತನ್ನು ಪೂರ್ತಿ ನಂಬುವಂತಿಲ್ಲ. ನಾಣ್ಯದಷ್ಟು ಸಣ್ಣ ವಸ್ತುವಾದರೆ ಗೇಣುದ್ದದ ಆಳದಲ್ಲಿ ಸಿಕ್ಕೀತು. ಅದಕ್ಕಿಂತ ಬಹಳ ಕೆಳಗಿದ್ದರೆ ಸಾಧಾರಣ ಯಂತ್ರಕ್ಕೆ ಕಾಣದು. ಚಕ್ರವನ್ನು ನೆಲಕ್ಕೆ ಸಮನಾಗಿ ಹಿಡಿದು, ಅವಸರವಿಲ್ಲದೆ, ಒಂದು ಬೀಸು ಹಿಂದಿನ ಬೀಸಿನ ಮೇಲೆ ಸ್ವಲ್ಪ ಬರುವಂತೆ ಆಡಿಸಬೇಕು. ಅಗೆದ ಕುಳಿಯನ್ನು ಮುಚ್ಚಿ, ಹುಲ್ಲಿನ ಹೆಪ್ಪನ್ನು ಇದ್ದಂತೆಯೇ ಕೂರಿಸಬೇಕು. ಸಿಕ್ಕ ಹಳೆಯ ನಾಣ್ಯವನ್ನು ಹುಣಿಸೆಹಣ್ಣು ಹಾಕಿ ಉಜ್ಜಬಾರದು. ಹೊಳಪು ಬಂದೀತು, ಅಕ್ಷರ ಹೋದೀತು.

ಆದರೆ ಇವೆಲ್ಲ ಕೈಯ ಕೆಲಸ. ಈ ಹವ್ಯಾಸದಲ್ಲಿ ಮನುಷ್ಯನ ಪರೀಕ್ಷೆಯಾಗುವುದು ಯಂತ್ರ ಕೂಗಿದ ಮೇಲೆ. ಇದಕ್ಕೆ ಎರಡು ನಿದರ್ಶನಗಳನ್ನು ಹೇಳುತ್ತೇನೆ.

ಮೊದಲನೆಯದು 1992ರ ನವೆಂಬರಿನದು. ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಅವನ ಸ್ನೇಹಿತ ಎರಿಕ್ ಲಾಸ್ ತನ್ನ ಲೋಹಶೋಧಕದೊಡನೆ ಹೋದನು. ಸುತ್ತಿಗೆಗೆ ಬದಲು ಬೆಳ್ಳಿಯ ಚಮಚಗಳೂ ಚಿನ್ನದ ನಾಣ್ಯಗಳೂ ಬಂದವು. ಆತ ಸ್ವಲ್ಪ ಅಗೆದವನೇ ಕೈತಡೆದು ನಿಲ್ಲಿಸಿ, ಪೊಲೀಸರಿಗೂ ಸ್ಥಳೀಯ ಆಡಳಿತಕ್ಕೂ ಸುದ್ದಿ ಮುಟ್ಟಿಸಿದನು. ಮರುದಿನ ಪುರಾತತ್ವಜ್ಞರು ಬಂದು ಕ್ರಮವಾಗಿ ಅಗೆದರು. ಸುಮಾರು 15,000 ರೋಮನ್ ನಾಣ್ಯಗಳು, ಸುಮಾರು 200 ಬೆಳ್ಳಿ ಬಂಗಾರದ ವಸ್ತುಗಳು ದೊರೆತವು.

ವಸ್ತುಗಳು ಇದ್ದಲ್ಲಿಯೇ ಉಳಿದುದರಿಂದ ತಿಳಿದುಬಂದ ಸಂಗತಿಗಳನ್ನು ನೋಡಿ. ಓಕ್ ಮರದ ದೊಡ್ಡ ಪೆಟ್ಟಿಗೆ. ಅದರೊಳಗೆ ಬೆಳ್ಳಿಯ ಬೀಗ ಹಾಕಿದ ಚಿಕ್ಕ ಪೆಟ್ಟಿಗೆಗಳು. ಬಟ್ಟಲುಗಳ ನಡುವೆ ಒಣಹುಲ್ಲು. ಮರ ಮಣ್ಣಾಗಿ ಹೋಗಿದ್ದರೂ ಅದರ ಗುರುತು ಉಳಿದಿತ್ತು. ರೋಮನ್ ಆಳ್ವಿಕೆ ಬ್ರಿಟನ್ನಿನಿಂದ ಕಳಚುತ್ತಿದ್ದ ಕಾಲದಲ್ಲಿ, 407ರ ಅನಂತರ, ಒಂದು ಶ್ರೀಮಂತ ಮನೆತನ ತನ್ನ ಸರ್ವಸ್ವವನ್ನು ಎಷ್ಟು ಜತನದಿಂದ ಕಟ್ಟಿ ಹೂತಿತು ಎಂಬುದು ಕಣ್ಣಿಗೆ ಕಟ್ಟಿತು. ಆ ಸೊತ್ತಿನಲ್ಲಿ ಮೆಣಸಿನ ಪುಡಿ ಉದುರಿಸುವ ಬೆಳ್ಳಿಯ ಪಾತ್ರೆಗಳೂ ಇವೆ. ರೋಮನರಿಗೆ ಕರಿಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ! ನಿಧಿಗೆ 17.5 ಲಕ್ಷ ಪೌಂಡು ಬೆಲೆ ಕಟ್ಟಿ ಲಾಸನಿಗೆ ಕೊಟ್ಟರು. ಆತ ರೈತನೊಡನೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಎರಡನೆಯದು 2015ರದು, ಲೆಮ್‌ಸ್ಟರ್ ಎಂಬ ಊರಿನ ಬಳಿ ನಡೆದದ್ದು. ಇಬ್ಬರು ಶೋಧಕರಿಗೆ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಅಲ್ಲಿಯ 1996ರ ನಿಧಿ ಕಾಯಿದೆಯಂತೆ 14 ದಿನಗಳೊಳಗೆ ಕಾರೊನರ್ ಎಂಬ ಅಧಿಕಾರಿಗೆ ತಿಳಿಸಬೇಕಾಗಿತ್ತು. ತಿಳಿಸಿದ್ದರೆ ಬಹುಮಾನವನ್ನು ಭೂಮಿಯ ಒಡೆಯನೊಡನೆ ಹಂಚಿಕೊಂಡು ನೆಮ್ಮದಿಯಿಂದ ಇರಬಹುದಾಗಿತ್ತು. ಅವರು ಮುಚ್ಚಿಟ್ಟು ಮಾರಹೊರಟರು. ಟೆಲಿಫೋನಿನಿಂದ ಅಳಿಸಿಹಾಕಿದ್ದ ಛಾಯಾಚಿತ್ರಗಳನ್ನು ಪೊಲೀಸರು ಮತ್ತೆ ಹೊರತೆಗೆದರು. 2019ರಲ್ಲಿ ನ್ಯಾಯಾಲಯ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಸೆರೆವಾಸ ವಿಧಿಸಿತು. ಸುಮಾರು 300 ನಾಣ್ಯಗಳಿದ್ದಿರಬೇಕೆಂದು ಅಂದಾಜು. ವಿಚಾರಣೆಯ ಹೊತ್ತಿಗೆ ಕೈಗೆ ಬಂದಿದ್ದವು 30ರ ಆಸುಪಾಸು.

ಇಲ್ಲಿ ನಷ್ಟವಾದದ್ದು ಹಣ ಮಾತ್ರವಲ್ಲ. ಉಳಿದ ನಾಣ್ಯಗಳಲ್ಲಿ ವೆಸೆಕ್ಸಿನ ಅರಸ ಆಲ್‌ಫ್ರೆಡನವೂ ಮರ್ಸಿಯದ ಅರಸ ಚಿಯೋಲ್‌ವುಲ್ಫನವೂ ಇವೆ. ಇಬ್ಬರೂ ಒಂದೇ ಬಗೆಯ ಮುದ್ರೆಯಲ್ಲಿ, ಇಬ್ಬರು ಚಕ್ರವರ್ತಿಗಳು ಪಕ್ಕಪಕ್ಕದಲ್ಲಿ ಕುಳಿತ ಚಿತ್ರದೊಡನೆ, ನಾಣ್ಯ ಹೊಡೆಸಿದ್ದರು. ವೆಸೆಕ್ಸಿನ ಚರಿತ್ರಕಾರರು ಚಿಯೋಲ್‌ವುಲ್ಫನನ್ನು ವೈಕಿಂಗರ ಕೈಗೊಂಬೆಯೆಂದು ತಳ್ಳಿಹಾಕಿದ್ದರು. ನಾಣ್ಯಗಳು ಅವನನ್ನು ಆಲ್‌ಫ್ರೆಡನ ಸಮಾನ ಮಿತ್ರನೆಂದು ಹೇಳುತ್ತವೆ. ಇಡೀ ನಿಧಿ ಇದ್ದಂತೆ ಸಿಕ್ಕಿದ್ದರೆ ಇನ್ನೂ ಏನೇನು ಹೇಳುತ್ತಿತ್ತೋ! ವಾಕ್ಯದಿಂದ ಕಿತ್ತ ಪದಕ್ಕೆ ಹೇಗೆ ಅರ್ಥ ನಿಲ್ಲುವುದಿಲ್ಲವೋ, ನೆಲೆಯಿಂದ ಕಿತ್ತ ವಸ್ತುವಿಗೂ ಹಾಗೆಯೇ. ತೂಕ ಉಳಿಯುತ್ತದೆ, ಮಾತು ಹೋಗುತ್ತದೆ.

ಇದಕ್ಕೆ ನಮ್ಮಲ್ಲಿಯೂ ಸಾಕ್ಷಿ ಉಂಟು. 1947ರಲ್ಲಿ ವ್ಹೀಲರ್ ಸಾಹೇಬರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿನಾಣ್ಯ ದೊರೆಯಿತು. ಅದು ಯಾವ ಪದರದಲ್ಲಿ, ಯಾವ ಮಡಕೆಚೂರುಗಳ ಜೊತೆಯಲ್ಲಿ ಇತ್ತೆಂಬುದು ಗೊತ್ತಿದ್ದುದರಿಂದಲೇ ಆ ಪದರದ ಜನಜೀವನದ ಕಾಲ ನಿರ್ಣಯಕ್ಕೆ ಆಧಾರವಾಯಿತು. ಅದೇ ನಾಣ್ಯ ಅಕ್ಕಸಾಲೆಯ ತಕ್ಕಡಿಗೆ ಬಂದಿದ್ದರೆ ಕೆಲವು ಗುಂಜಿ ಬೆಳ್ಳಿ, ಅಷ್ಟೆ.

ನಮ್ಮ ಕಾನೂನು ಈ ವಿಷಯದಲ್ಲಿ ಇಂಗ್ಲೆಂಡಿಗಿಂತ ಬಿಗಿ ಎಂಬುದನ್ನು ಯಂತ್ರ ಕೊಳ್ಳುವ ಮುನ್ನವೇ ತಿಳಿದಿರಬೇಕು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. 1878ರ ಭಾರತ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೂ ವಸ್ತು, ಸ್ಥಳ, ದಿನ ಇವನ್ನು ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ವಿಧಿಸಿತು. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆಯಿದೆ. ಪ್ರಾಚೀನ ವಸ್ತುಗಳಿಗೆ 1972ರ ಕಾಯಿದೆ ಬೇರೆ. ಹಾಳುದೇಗುಲ, ಕೋಟೆ, ಪಾಳುಬಿದ್ದ ಊರದಿಬ್ಬ, ಇಲ್ಲಿಗೆ ಯಂತ್ರ ಹೊತ್ತುಹೋಗುವವನು ಹವ್ಯಾಸಿಯಲ್ಲ. ನಿಧಿಯಾಸೆಗೆ ವಿಗ್ರಹದ ಪೀಠ ಕಿತ್ತವರ ಕುಳಿಗಳನ್ನು ನೀವೂ ಎಷ್ಟೋ ಊರುಗಳಲ್ಲಿ ನೋಡಿರುತ್ತೀರಿ.

ಹಾಗಾದರೆ ನಮ್ಮ ಪಾಲಿಗೆ ಉಳಿದದ್ದೇನು? ಉಳಿದದ್ದು ಸುತ್ತಿಗೆ. ನಿಮ್ಮ ಹಿತ್ತಲಿನಲ್ಲಿ ಬಿದ್ದ ಬೀಗದ ಕೈ, ಹೂದೋಟದಲ್ಲಿ ಕಳಚಿಹೋದ ಮಗಳ ಓಲೆ, ಮಣ್ಣಿನಡಿಯ ನೀರಿನ ಕೊಳವೆ, ನೆರೆಯವರು ಹೊಲದಲ್ಲಿ ಕಳೆದುಕೊಂಡ ಉಂಗುರ: ಇವನ್ನು ಒಡೆಯರ ಒಪ್ಪಿಗೆ ಪಡೆದು ಹುಡುಕಿಕೊಡಿ. ಹುಡುಗರಿಗೆ ಇದರಿಂದ ವಿಜ್ಞಾನ ಪಾಠವಾದೀತು, ತಾಳ್ಮೆ ಬಂದೀತು, ಊರಿಗೆ ಉಪಕಾರವಾದೀತು. ಹುಡುಕುವಾಗ, ಅಥವಾ ಯಂತ್ರವಿಲ್ಲದೆಯೇ ಮನೆಯ ಪಾಯ ತೋಡುವಾಗ, ಹಳೆಯದೇನಾದರೂ ಗುದ್ದಲಿಗೆ ತಾಗಿದರೆ ಕೈ ನಿಲ್ಲಿಸಿ, ಅಲ್ಲಿಯೇ ಬಿಟ್ಟು, ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ನೆಲದಲ್ಲಿ ಹೂತದ್ದು ನಮ್ಮ ಕಾಲದವರೆಗೆ ಕಾದಿದೆ. ಅಧಿಕಾರಿಗಳು ಬರುವವರೆಗೆ ಇನ್ನು ಎರಡು ದಿನ ಕಾದೀತು.