ಜಲಜನಕದ ಇಂಧನಕೋಶ ಮತ್ತು ಹಗುರ ಲೋಹ



ಒಂದೇ ಅಳತೆಯ ಎರಡು ಕೊಡಗಳಿವೆ ಎಂದಿಟ್ಟುಕೊಳ್ಳಿ. ಒಂದು ಮಣ್ಣಿನದು, ಇನ್ನೊಂದು ಸ್ಟೀಲಿನದು. ಯಾವುದು ಭಾರ? ಎತ್ತಿ ನೋಡಿದವರು ಮಣ್ಣಿನದೇ ಭಾರ ಎನ್ನುತ್ತಾರೆ. ಆದರೆ ಒಂದೇ ಗಾತ್ರದ ಮಣ್ಣಿನ ತುಂಡನ್ನೂ ಉಕ್ಕಿನ ತುಂಡನ್ನೂ ತಕ್ಕಡಿಯಲ್ಲಿಟ್ಟರೆ, ಉಕ್ಕು ಮೂರು ನಾಲ್ಕು ಪಟ್ಟು ಹೆಚ್ಚು ತೂಗುತ್ತದೆ. ಹಾಗಾದರೆ ಸ್ಟೀಲಿನ ಕೊಡ ಹಗುರವಾದದ್ದು ಹೇಗೆ? ಉಕ್ಕಿಗೆ ಬಲವಿದೆ, ಆದ್ದರಿಂದ ತೆಳ್ಳಗಿನ ತಗಡಿನಲ್ಲೇ ಕೊಡ ಮಾಡಬಹುದು. ಮಣ್ಣಿಗೆ ಆ ಬಲವಿಲ್ಲ, ಗೋಡೆ ದಪ್ಪವಿರಲೇಬೇಕು. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ, ಜಲಜನಕದಿಂದ ವಿದ್ಯುತ್ತು ಕೊಡುವ ಇಂಧನಕೋಶವನ್ನು ಹಗುರ ಮಾಡಲು ವಿಜ್ಞಾನಿಗಳು ಪಡುತ್ತಿರುವ ಪಾಡು ಸುಲಭವಾಗಿ ತಿಳಿಯುತ್ತದೆ.

ಇಂಧನಕೋಶದ ಕಲ್ಪನೆ ಹೊಸದೇನಲ್ಲ. ವಿಲಿಯಂ ಗ್ರೋವ್ ಎಂಬ ವಿಜ್ಞಾನಿ 1839ರಷ್ಟು ಹಿಂದೆಯೇ ಇದನ್ನು ಬೆಳಕಿಗೆ ತಂದನು. ನೀರಿಗೆ ವಿದ್ಯುತ್ತು ಹಾಯಿಸಿದರೆ ಜಲಜನಕ ಮತ್ತು ಆಮ್ಲಜನಕ ಬೇರೆಯಾಗುತ್ತವೆ. ಅವೆರಡನ್ನೂ ಮತ್ತೆ ಕೂಡಿಸಿದರೆ ವಿದ್ಯುತ್ತು ಬರಬೇಕಲ್ಲವೇ? ಬಂದಿತು, ಆದರೆ ತೀರ ಸ್ವಲ್ಪ. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಇದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. 1965ರಲ್ಲಿ ಅಮೆರಿಕದ ಜೆಮಿನಿ 5 ಅಂತರಿಕ್ಷ ನೌಕೆ ಇಂಧನಕೋಶವನ್ನು ಹೊತ್ತು ಹಾರಿತು. ಚಂದ್ರನಲ್ಲಿಗೆ ಹೋದ ಅಪೋಲೋ ನೌಕೆಗಳಲ್ಲಂತೂ ವಿದ್ಯುತ್ತಿನ ಜತೆಗೆ ಯಾತ್ರಿಗಳಿಗೆ ಕುಡಿಯುವ ನೀರನ್ನೂ ಈ ಕೋಶಗಳೇ ಒದಗಿಸಿದವು.

ಈಗ ವಾಹನಗಳಿಗೆ ಬಳಸುವ ಕೋಶದ ಒಳಗೆ ಒಂದಿಷ್ಟು ಇಣುಕಿ ನೋಡೋಣ. ನಡುವೆ ಪ್ಲಾಸ್ಟಿಕ್ಕಿನಂಥ ಒಂದು ತೆಳು ಪೊರೆ. ಅದರ ಎರಡೂ ಮಗ್ಗುಲಲ್ಲಿ ಪ್ಲಾಟಿನಂ ಲೋಹದ ನುಣ್ಣನೆಯ ಕಣಗಳು. ಒಂದು ಬದಿಗೆ ಜಲಜನಕ, ಇನ್ನೊಂದು ಬದಿಗೆ ಗಾಳಿ. ಜಲಜನಕದ ಪರಮಾಣು ಪ್ಲಾಟಿನಂ ಮೇಲೆ ಒಡೆದು ಪ್ರೋಟಾನ್ ಮತ್ತು ಇಲೆಕ್ಟ್ರಾನ್ ಆಗುತ್ತದೆ. ಪ್ರೋಟಾನ್ ಪೊರೆಯ ಮೂಲಕ ದಾಟಿ ಹೋಗುತ್ತದೆ. ಇಲೆಕ್ಟ್ರಾನಿಗೆ ಆ ದಾರಿ ಇಲ್ಲ. ಅದು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಹಾಗೆ ಸುತ್ತಿ ಬರುವುದೇ ವಿದ್ಯುತ್ ಪ್ರವಾಹ. ಕೊನೆಗೆ ಎರಡೂ ಆಮ್ಲಜನಕವನ್ನು ಕೂಡಿ ನೀರಾಗುತ್ತವೆ. ಹೊಗೆಯಿಲ್ಲ, ಬೂದಿಯಿಲ್ಲ.

ಆದರೆ ಕೆಲಸ ಮಾಡುವಾಗ ಒಂದು ಕೋಶದಿಂದ ಸಿಗುವುದು ಸುಮಾರು 0.7 ವೋಲ್ಟ್ ಮಾತ್ರ. ಟಾರ್ಚಿಗೆ ಹಾಕುವ ಒಂದು ಸೆಲ್ಲಿನ ಅರ್ಧದಷ್ಟೂ ಅಲ್ಲ. ಆದ್ದರಿಂದ ಕಾರು ಓಡಬೇಕಾದರೆ ನೂರಾರು ಕೋಶಗಳನ್ನು ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಜೋಡಿಸಬೇಕು. ಎರಡು ಕೋಶಗಳ ನಡುವೆ ಒಂದೊಂದು ಫಲಕ. ಇಂಗ್ಲಿಷಿನಲ್ಲಿ ಇದಕ್ಕೆ ಬೈಪೋಲಾರ್ ಪ್ಲೇಟ್ ಎನ್ನುತ್ತಾರೆ. ನಾವು ಸರಳವಾಗಿ ನಡುಫಲಕ ಎನ್ನೋಣ.

ಈ ನಡುಫಲಕಕ್ಕೆ ಕೈತುಂಬ ಕೆಲಸ. ಇದರ ಮೈಮೇಲೆ ಕೊರೆದ ಸಣ್ಣ ಕಾಲುವೆಗಳಲ್ಲಿ ಒಂದು ಕಡೆ ಜಲಜನಕ, ಇನ್ನೊಂದು ಕಡೆ ಗಾಳಿ ಹರಿಯಬೇಕು. ಎರಡೂ ಬೆರೆಯಬಾರದು. ವಿದ್ಯುತ್ತು ಒಂದು ಕೋಶದಿಂದ ಮುಂದಿನದಕ್ಕೆ ತಡೆಯಿಲ್ಲದೆ ದಾಟಬೇಕು. ಹುಟ್ಟಿದ ನೀರು ಮತ್ತು ಬಿಸಿ ಹೊರಗೆ ಹೋಗಬೇಕು. ಮೊದಮೊದಲು ಇದಕ್ಕೆ ಗ್ರಾಫೈಟನ್ನು ಆರಿಸಿಕೊಂಡರು. ಪೆನ್ಸಿಲ್ ಕಡ್ಡಿಯಲ್ಲಿ ಇರುವ ವಸ್ತುವೇ ಅದು. ವಿದ್ಯುತ್ತನ್ನು ಹರಿಯಬಿಡುತ್ತದೆ, ತುಕ್ಕು ಹಿಡಿಯುವ ಭಯವಿಲ್ಲ. ಆದರೆ ಪೆನ್ಸಿಲ್ ಕಡ್ಡಿಯಂತೆಯೇ ಪಟಕ್ಕನೆ ಮುರಿಯುತ್ತದೆ. ಮುರಿಯದಿರಲೆಂದು ಕೆಲವು ಮಿಲಿಮೀಟರ್ ದಪ್ಪ ಮಾಡಬೇಕಾಯಿತು. ಹೀಗಾಗಿ ಇಡೀ ಕಟ್ಟಿನ ತೂಕದಲ್ಲಿ ಹೆಚ್ಚಿನ ಪಾಲು ಈ ಫಲಕಗಳದೇ ಆಯಿತು.

ಒಂದು ಲೆಕ್ಕ ಹಾಕೋಣ. ಅಂಗೈ ಅಗಲದ, ಅಂದರೆ 100 ಚದರ ಸೆಂಟಿಮೀಟರಿನ ಫಲಕ. ಕಾಲುವೆಗಳ ಲೆಕ್ಕ ಬಿಡೋಣ. 3 ಮಿಲಿಮೀಟರ್ ದಪ್ಪದ ಗ್ರಾಫೈಟಾದರೆ ತೂಕ ಸುಮಾರು 60 ಗ್ರಾಂ. ಅದೇ ಜಾಗದಲ್ಲಿ 0.1 ಮಿಲಿಮೀಟರಿನ ಎರಡು ಸ್ಟೀಲ್ ತಗಡುಗಳನ್ನು ಅಚ್ಚಿನಲ್ಲಿ ಒತ್ತಿ ಬೆಸೆದರೆ 16 ಗ್ರಾಂ. ಟೈಟಾನಿಯಂ ತಗಡಾದರೆ ಬರೇ 9 ಗ್ರಾಂ. ಇಂಥ 300 ಫಲಕಗಳಿಗೆ ಗ್ರಾಫೈಟಿನಲ್ಲಿ 18 ಕಿಲೋ, ಸ್ಟೀಲಿನಲ್ಲಿ 5 ಕಿಲೋ ಒಳಗೆ, ಟೈಟಾನಿಯಂನಲ್ಲಿ 3 ಕಿಲೋ ಒಳಗೆ. ಮಣ್ಣಿನ ಕೊಡ, ಸ್ಟೀಲಿನ ಕೊಡದ ಕತೆ ಇಲ್ಲಿಯೂ ನಿಜವಾಯಿತು. ತೂಕ ಮಾತ್ರವಲ್ಲ, ಜಾಗವೂ ಉಳಿಯಿತು.

ಹಾಗಾದರೆ ಅಗ್ಗವಾದ ಹಗುರ ಲೋಹ ಅಲ್ಯುಮಿನಿಯಂ ಇದೆಯಲ್ಲ, ಅದನ್ನೇ ಹಾಕಬಾರದೇ ಎಂದು ನೀವು ಕೇಳಬಹುದು. ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ನಮ್ಮ ಮನೆಯ ಹೆಂಗಸರಿಗೆ ಗೊತ್ತು. ಇಂಧನಕೋಶದ ಒಳಗಡೆಯೂ ಹುಳಿಯೇ. ಪೊರೆ ಆಮ್ಲಗುಣದ್ದು, ಸುಮಾರು 80 ಡಿಗ್ರಿ ಬಿಸಿ, ಸದಾ ತೇವ. ಅಲ್ಲಿ ಬರಿಮೈ ಅಲ್ಯುಮಿನಿಯಂ ಬಹಳ ಬೇಗ ಕರಗತೊಡಗುತ್ತದೆ. ಕರಗಿದ ಲೋಹದ ಅಯಾನುಗಳು ಪೊರೆಗೆ ಸೇರಿ ಪ್ರೋಟಾನುಗಳು ಕೂರಬೇಕಾದ ಜಾಗವನ್ನು ಹಿಡಿದುಬಿಡುತ್ತವೆ. ಕೋಶ ಸೊರಗುತ್ತದೆ. ಸ್ಟೀಲ್ ಮತ್ತು ಟೈಟಾನಿಯಂ ತಮ್ಮ ಮೈಮೇಲೆ ತಾವೇ ಒಂದು ತೆಳು ಆಕ್ಸೈಡ್ ಪದರವನ್ನು ಹೊದ್ದುಕೊಂಡು ರಕ್ಷಣೆ ಪಡೆಯುತ್ತವೆ. ಆದರೆ ಆ ಹೊದಿಕೆ ವಿದ್ಯುತ್ತಿಗೆ ಅಡ್ಡಿ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ನಷ್ಟ.

ಇದಕ್ಕೆ ಪರಿಹಾರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಂಥದ್ದೇ. ಲೋಹದ ತಗಡಿನ ಮೇಲೆ ವಿದ್ಯುತ್ತು ಹರಿಯಬಿಡುವ, ಆಮ್ಲಕ್ಕೆ ಜಗ್ಗದ ಅತಿ ತೆಳು ಲೇಪ. ಮೊದಲು ಚಿನ್ನದ ಲೇಪವನ್ನೂ ಪ್ರಯತ್ನಿಸಿದರು, ಬೆಲೆ ತಡೆಯಲಿಲ್ಲ. ಈಗ ಇಂಗಾಲದ ಲೇಪಗಳು ಬಳಕೆಗೆ ಬಂದಿವೆ. ಜಪಾನಿನ ಟೊಯೋಟಾ ಕಂಪೆನಿ 2014ರಲ್ಲಿ ಮಾರುಕಟ್ಟೆಗೆ ತಂದ ಮಿರಾಯ್ ಕಾರಿನಲ್ಲಿ ಇಂಗಾಲ ಲೇಪಿಸಿದ ಟೈಟಾನಿಯಂ ಫಲಕಗಳಿದ್ದವು. 370 ಕೋಶಗಳಿಂದ 114 ಕಿಲೋವ್ಯಾಟ್ ಸಿಗುತ್ತಿತ್ತು. 2020ರ ಎರಡನೇ ಮಾದರಿಯಲ್ಲಿ ಕೋಶಗಳು 330ಕ್ಕೆ ಇಳಿದವು, ಶಕ್ತಿ 128 ಕಿಲೋವ್ಯಾಟಿಗೆ ಏರಿತು. ಲೇಪದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಲೋಹ ಅಲ್ಲಿಂದಲೇ ಸವೆಯುತ್ತದೆ. ಕಲಾಯಿ ಹೋದ ಪಾತ್ರೆಗೆ ಮತ್ತೆ ಕಲಾಯಿ ಹಾಕಿಸಬಹುದು. ಬೆಸೆದು ಬಿಗಿದ ಈ ಕಟ್ಟಿನ ಒಳಗೆ ಯಾರೂ ಕೈ ಹಾಕುವಂತಿಲ್ಲ.

ಅಲ್ಯುಮಿನಿಯಂ ಪೂರಾ ನಿರುಪಯೋಗಿಯೇನೂ ಅಲ್ಲ. ಇಡೀ ಕಟ್ಟನ್ನು ಎರಡು ತುದಿಗಳಿಂದ ಅಮುಕಿ ಹಿಡಿಯುವ ದಪ್ಪ ಹಲಗೆಗಳಿಗೆ ಅದು ಒಳ್ಳೆಯದು. ಅಲ್ಲಿ ಹುಳಿ ತಾಗದಂತೆ ತಡೆ ಇಡಬಹುದು. ಆದರೆ ಹಗುರ ಮಾಡುವ ಆಸೆಯಿಂದ ಹಲಗೆಯನ್ನು ಅತಿ ತೆಳ್ಳಗೆ ಮಾಡಿದರೆ ಅದು ನಡುವೆ ಬಾಗುತ್ತದೆ. ಮಧ್ಯದ ಭಾಗದಲ್ಲಿ ಒತ್ತಡ ಸಾಲದೆ ವಿದ್ಯುತ್ತಿನ ದಾರಿ ಸಡಿಲವಾಗುತ್ತದೆ.

ಕೇಳುಗರೇ, ಇದು ದೂರದ ದೇಶದ ಮಾತು ಮಾತ್ರವಲ್ಲ. ತಿರುವನಂತಪುರದ ವಿಕ್ರಂ ಸಾರಾಭಾಯ್ ಅಂತರಿಕ್ಷ ಕೇಂದ್ರ ತಯಾರಿಸಿದ ಇಂಧನಕೋಶವನ್ನು 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಕಳಿಸಿ, ಅಂತರಿಕ್ಷದಲ್ಲೇ ಪರೀಕ್ಷಿಸಿದರು. ಅದೇ ವರ್ಷ ಫೆಬ್ರವರಿಯಲ್ಲಿ ಕೊಚ್ಚಿಯ ಹಡಗುಕಟ್ಟೆಯಲ್ಲಿ ತಯಾರಾದ ಜಲಜನಕದ ದೋಣಿಗೆ ಚಾಲನೆ ಸಿಕ್ಕಿತು. ಇನ್ನು ಟೈಟಾನಿಯಂ? ಅದರ ಅದಿರು ಕೇರಳದ ಕರಾವಳಿಯ ಕರಿಮರಳಿನಲ್ಲಿಯೇ ಇದೆ. ಕೊಲ್ಲಂ ಜಿಲ್ಲೆಯ ಚವರದಲ್ಲಿ 2011ರಿಂದ ಟೈಟಾನಿಯಂ ಸ್ಪಾಂಜ್ ಕಾರ್ಖಾನೆ ಇದೆ. ಅದಿರು ಕೈಗೆಟಕುವಂತಿದ್ದರೂ ಲೋಹ ಅಗ್ಗವಲ್ಲ. ಮರಳಿನ ಆಕ್ಸೈಡನ್ನು ಮೊದಲು ಕ್ಲೋರೈಡ್ ಮಾಡಿ, ಆಮೇಲೆ ಮೆಗ್ನೀಸಿಯಂ ಜತೆ ವಿಪರೀತ ಬಿಸಿಯಲ್ಲಿ ವರ್ತಿಸುವಂತೆ ಮಾಡಬೇಕು. ಇದಕ್ಕೆ ಶಕ್ತಿಯೂ ಹಣವೂ ಬಹಳ ಬೇಕು. ಅದೇ ಜಿಲ್ಲೆಯ ಆಲಪ್ಪಾಡ್ ಎಂಬ ಕಡಲತೀರದ ಊರಿನ ಜನ, ಮರಳು ತೆಗೆಯುವುದರಿಂದ ತಮ್ಮ ನೆಲವೇ ಕಡಲಿನ ಪಾಲಾಗುತ್ತಿದೆ ಎಂದು 2018ರ ಕೊನೆಯಿಂದ ಸರದಿ ಉಪವಾಸ ಕೂತದ್ದು ನಿಮಗೆ ನೆನಪಿರಬಹುದು. ಯಂತ್ರದಲ್ಲಿ ಹಗುರವಾಗಿ ಕಾಣುವ ಲೋಹ ಇನ್ನೊಬ್ಬರ ಬದುಕಿನ ಮೇಲೆ ಭಾರವಾಗಬಾರದಲ್ಲವೇ?

ಜಲಜನಕದ ವಿಷಯದಲ್ಲೂ ಹಾಗೆಯೇ. ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ಇಂದಿಗೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತದೆ. ಕೋಶದಲ್ಲಿ ಹೊಗೆ ಬಾರದಿದ್ದರೂ ಕಾರ್ಖಾನೆಯಲ್ಲಿ ಬಂದಿರುತ್ತದೆ. ಬಿಸಿಲಿನಿಂದ, ಗಾಳಿಯಿಂದ ಪಡೆದ ವಿದ್ಯುತ್ತಿನಲ್ಲಿ ನೀರನ್ನು ಒಡೆದು ಜಲಜನಕ ಪಡೆದಾಗಲೇ ಈ ಮಾತು ಪೂರ್ತಿ ನಿಜವಾಗುತ್ತದೆ.

ಹಾಗೆಂದು ಫಲಕವನ್ನು ತೆಳ್ಳಗೆ ಮಾಡುವ ಕೆಲಸ ಕಡಿಮೆಯದಲ್ಲ. ವಾಹನ ತನ್ನ ಭಾರವನ್ನು ತಾನೇ ಹೊರಬೇಕು. ಯಂತ್ರದಲ್ಲಿ ಉಳಿಸಿದ 60 ಕಿಲೋ ಎಂದರೆ ಬಸ್ಸಿನಲ್ಲಿ, ದೋಣಿಯಲ್ಲಿ ಇನ್ನೊಬ್ಬ ಪ್ರಯಾಣಿಕನಿಗೆ ಜಾಗ. ಚಂದ್ರಯಾನಿಗಳಿಗೆ ಮಾತ್ರ ದೊರೆತಿದ್ದ ಯಂತ್ರ ಹಳ್ಳಿಯ ದಾರಿಗೆ ಇಳಿಯಬೇಕಾದರೆ, ಅಗ್ಗದ ಸ್ಟೀಲ್ ತಗಡಿಗೆ ಬಾಳಿಕೆ ಬರುವ ಒಂದು ಕಲಾಯಿ ಬೇಕು. ಜಗತ್ತಿನ ಅನೇಕ ಪ್ರಯೋಗಶಾಲೆಗಳು ಇಂದು ಅದನ್ನೇ ಹುಡುಕುತ್ತಿವೆ.